ನೀಲಮ್ಮನ ಕೋಳಿ, ದೇವಿರಮ್ಮನ ಬದನೆಕಾಯಿ

ಮೊಟ್ಟೆಯ ಹೆಸರೆತ್ತಿದರೇ ಮುಖ ಸಿಂಡರಿಸುವ ಲಿಂಗಾಯತರ ಮನೆಯ ಹೆಣ್ಣು ದಿನವಿಡೀ ಮೊಟ್ಟೆ ಒಡೆಯುವ ಕೆಲಸ ಹಿಡಿದರೆ ಹೇಗಿರುತ್ತದೆ? ನಮ್ಮ ನೀಲಮ್ಮನನ್ನು ನೋಡಬೇಕಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ, ಮೈಸೂರಿನ ಒಂದು ಆಹಾರ ಪ್ರಯೋಗಾಲಯದಲ್ಲಿ, ನನ್ನ ಪಕ್ಕದ ಮೇಜು ಅವಳದು. ಸಂಜೆ ವಿಜಯನಗರದ ಮನೆಗೆ ಹೋದರೆ ಸ್ನಾನವಾಗದೆ ಅಡುಗೆಮನೆಗೆ ಕಾಲಿಡುವಂತಿರಲಿಲ್ಲ. ತಾಯಿ ದೇವಿರಮ್ಮನವರ ಕಟ್ಟಪ್ಪಣೆ.

ತರಕಾರಿಯಲ್ಲಿ ಉಳಿದ ಕೀಟನಾಶಕವನ್ನು ಬೇಗ, ಅಗ್ಗವಾಗಿ ಪತ್ತೆಹಚ್ಚುವ ಪರೀಕ್ಷೆ ಕಟ್ಟುವುದು ಅವಳ ಕೆಲಸ. ಆ ವಿಷವನ್ನು ಪ್ರೋಟೀನಿಗೆ ಅಂಟಿಸಿ ಚೂರೇ ಚೂರು ಕೋಳಿಗೆ ಚುಚ್ಚಿದರೆ, ಅದನ್ನು ಎದುರಿಸಲು ಕೋಳಿಯ ಮೈ ಪ್ರತಿಕಾಯ ತಯಾರಿಸುತ್ತದೆ. ಆ ಪ್ರತಿಕಾಯ ಮೊಟ್ಟೆಯ ಹಳದಿಗೂ ಇಳಿಯುತ್ತದೆ. ಅದನ್ನು ಬೇರ್ಪಡಿಸಿ ತರಕಾರಿ ರಸದ ಜೊತೆ ಬಣ್ಣದ ಪರೀಕ್ಷೆಗಿಟ್ಟರೆ, ವಿಷವಿಲ್ಲದ್ದು ಗಾಢ ನೀಲಿಯಾಗಬೇಕು, ವಿಷವಿದ್ದದ್ದು ಪೇಲವವಾಗಬೇಕು.

ನೀರಿನಲ್ಲಿ ಎಲ್ಲ ಸರಿ ಬಂತು. ಬದನೆಕಾಯಿಯಲ್ಲಿ ಕೈಕೊಟ್ಟಿತು. ವಿಷ ಮುಟ್ಟದ ಕಾಯಿಯೂ ಪೇಲವ! ನಮ್ಮ ಮುಖ್ಯಸ್ಥ ಷಡಕ್ಷರಿಯವರು ಮುಲಾಜಿಲ್ಲದೆ ಹೇಳಿದರು: "ಒಳ್ಳೇದನ್ನೂ ಕೆಟ್ಟದ್ದು ಅನ್ನೋ ಪರೀಕ್ಷೆ ಯಾರಿಗೆ ಬೇಕಮ್ಮ? ಈ ತಿಂಗಳು ನೋಡಿ. ಆಮೇಲೆ ಕೋಳಿಗಳನ್ನ ಸಾಗಹಾಕಿ, ಬೇರೆ ಕೆಲಸ ಹಿಡೀರಿ." ವರ್ಷಗಟ್ಟಲೆಯ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದರಲ್ಲಿತ್ತು.

ನೀಲಮ್ಮ ಅಳಲಿಲ್ಲ, ಗೊಣಗಲಿಲ್ಲ, ಮತ್ತೆ ಮತ್ತೆ ಮೊದಲಿಂದ ಮಾಡಿದಳು. ನನಗೇ ತಡೆಯಲಾಗಲಿಲ್ಲ.

"ಆ ಶುದ್ಧವಾದ ಕಾಯಿ ಎಲ್ಲಿಂದ ತರ್ತೀಯೇ?" ಎಂದೆ.

"ನಮ್ಮ ಹಿತ್ತಲಿಂದ. ಅಮ್ಮ ಬೆಳೆದಿದ್ದಕ್ಕಿಂತ ಶುದ್ಧವಾದ್ದು ಇನ್ನೆಲ್ಲಿ ಸಿಗುತ್ತೆ ಶಾಲಿನಿ?"

"ಗಿಡಕ್ಕೆ ಏನು ಹಾಕ್ತಾರೆ ಅಂತ ಅಮ್ಮನ್ನ ಕೇಳಿದ್ದೀಯಾ?"

ಅವಳು ನನ್ನನ್ನೊಮ್ಮೆ ದುರುಗುಟ್ಟಿ ನೋಡಿ ಮತ್ತೆ ಮೊಟ್ಟೆ ಒಡೆಯಲು ತಿರುಗಿದಳು. ಆದರೆ ಸುಮ್ಮನಿರುವವಳಲ್ಲ ನಾನು. ಮರುದಿನ ಹೂಟಗಳ್ಳಿಯ ನಮ್ಮ ಮನೆಯ ಬದನೆಕಾಯಿ ತಂದು ಅವಳ ಮೇಜಿನ ಮೇಲೆ ಸುರಿದೆ. ಅರ್ಧ ಹುಳುವೇ ತಿಂದಿತ್ತು. ಏನೂ ಹಾಕಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ನೀಲಿ ಬಂತು. ಗಾಢ ನೀಲಿ.

"ಗೆದ್ದುಬುಟ್ಟೆ ಕಣೇ," ಎಂದು ಬೆನ್ನು ತಟ್ಟಿದೆ. ಅವಳು ನಗಲಿಲ್ಲ. ಕೋಳಿ ಹೇಳಿದ್ದು ನಿಜವಾದರೆ ಮನೆಯ ಕಾಯಿಯಲ್ಲಿ ವಿಷವಿದೆ ಎಂದೇ ಅರ್ಥ.

ಸಂಜೆ ಅವಳ ಜೊತೆ ಮನೆಗೆ ಹೋದೆ. ಬದನೆ ಎಲೆಗಳ ಮೇಲೆ ಬಿಳಿ ಪುಡಿ.

"ಹುಳ ಬೀಳ್ತಿತ್ತು ಕಣಮ್ಮ. ಹಾಲು ಹಾಕೋ ಮೂಗಯ್ಯ ಊರಿಂದ ತಂದ್ಕೊಟ್ಟಿದ್ದು, ಆಗಾಗ ಉದುರಿಸ್ತೀನಿ," ಎಂದರು ದೇವಿರಮ್ಮ, ಹೆಮ್ಮೆಯಿಂದಲೇ. ಚೀಲದ ಮೇಲೆ ನಾವು ಹುಡುಕುತ್ತಿದ್ದ ಅದೇ ಕೀಟನಾಶಕದ ಹೆಸರಿತ್ತು.

ನೀಲಮ್ಮ ವಿಷಯ ಬಿಡಿಸಿ ಹೇಳಿದಳು. ದೇವಿರಮ್ಮ ಒಗೆಯುವ ಕಲ್ಲಿನ ಮೇಲೆ ಕುಳಿತರು. "ಶಿವನೇ, ಸೋಮವಾರ ಮಠದ ಸ್ವಾಮಿಗಳಿಗೂ ಇದರದ್ದೇ ಎಣ್ಣೆಗಾಯಿ ಬಡಿಸ್ದೆ." ಆಮೇಲೆ ಮಗಳ ಮುಖ ನೋಡಿ ಮೆಲ್ಲಗೆ ಕೇಳಿದರು: "ನಿನ್ನ ಪರೀಕ್ಷೆನೇ ತಪ್ಪಿರಬೌದೇನೇ?"

ನಾನಾಗಿದ್ದರೆ ಹೌದೆಂದು ಸುಳ್ಳು ಹೇಳಿ ಸಮಾಧಾನ ಮಾಡುತ್ತಿದ್ದೆ. ನೀಲಮ್ಮ ಅಮ್ಮನ ಪಕ್ಕ ಕುಳಿತು ಅವರ ಕೈ ಹಿಡಿದುಕೊಂಡಳು. ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದವಳು ಅಳುತ್ತಿದ್ದಳು.

"ಇಲ್ಲಮ್ಮ," ಎಂದಳು. "ಪರೀಕ್ಷೆ ಸರಿಯಾಗೇ ಇದೆ."