ಹೆಸರಿಲ್ಲದ ತೊಡದೇವು

ಅವರ ಬಲಗೈಯ ಬೆರಳತುದಿಗಳು ಹೊಳೆಯುವಷ್ಟು ನುಣುಪು. ಕಾದ ಮಡಕೆಯ ಬೆನ್ನಿನಿಂದ ಹಾಳೆಯಂಥ ಸಿಹಿತಿಂಡಿ ತೊಡದೇವನ್ನು ಬಿಡಿಸಿ ಬಿಡಿಸಿ ಗೆರೆಗಳೆಲ್ಲ ಸವೆದುಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಲೇ ಇರಲಿಲ್ಲ. "ಇದಕ್ಕೆ ಆನು ಇಪ್ಪದೇ ಗೊತ್ತಿಲ್ಲೆ" ಎಂದು ತಮ್ಮ ಹವ್ಯಕ ಮಾತಿನಲ್ಲಿ ಹೇಳಿ ನಗುತ್ತಿದ್ದರು.

ಸಾಗರದಲ್ಲಿ ನಮ್ಮ ಎದುರುಮನೆಯವರು. ನೆಂಟಸ್ತಿಕೆ ಏನೂ ಇಲ್ಲ, ಆದರೂ ನನಗೆ ಅತ್ತೆ. ಕಬ್ಬಿನ ಹಾಲಿನಲ್ಲಿ ಅಕ್ಕಿಹಿಟ್ಟು ಕಲಸಿ, ಬಟ್ಟೆ ಅದ್ದಿ, ಬೋರಲು ಮಡಕೆಯ ಮೇಲೆ ಎಳೆಯುವುದನ್ನು ಕೇಳಿದವರಿಗೆಲ್ಲ ಮುಚ್ಚುಮರೆಯಿಲ್ಲದೆ ಕಲಿಸುತ್ತಿದ್ದರು. ನನ್ನ ಹಿಟ್ಟು ದಪ್ಪವಾದರೆ ಮಾತ್ರ, "ಇದೆಂತ ಕೂಸೆ, ಕಂಬಳಿ ಮಾಡ್ತಿದ್ಯ?"

ಒಮ್ಮೆ ತೀರ್ಥಹಳ್ಳಿಯಿಂದ ಯೂಟ್ಯೂಬ್ ಚಾನೆಲ್ಲಿನವಳೊಬ್ಬಳು ಬಂದಳು. ಅತ್ತೆ ಊಟ ಹಾಕಿ, ದಿನವಿಡೀ ಮಾಡಿ ತೋರಿಸಿದರು. ಹೆಸರು ಹಾಕುತ್ತೇನೆಂದು ಅವಳೇ ಹೇಳಿದ್ದಳು. ವಿಡಿಯೋದಲ್ಲಿ ಮುಖವಿರಲಿಲ್ಲ, ಬರೀ ಕೈ ಮತ್ತು ದನಿ. ಮೇಲೆ 'ನಮ್ಮಜ್ಜಿಯ ತೊಡದೇವು' ಎಂದಿತ್ತು. ಅತ್ತೆಗೆ ಮಕ್ಕಳೇ ಇರಲಿಲ್ಲ.

"ಎನ್ನ ಹೆಸರು ಎಲ್ಲಿದ್ದು?" ಎಂದರು. ಚಾನೆಲ್ಲಿನವಳಿಗೆ ಮತ್ತೆ ಮತ್ತೆ ಕರೆ ಮಾಡಿದೆ. ಅವಳು ಫೋನು ಎತ್ತಲಿಲ್ಲ. ಹೊಸನಗರದ ಗುರುತಿನ ವಕೀಲರ ಬಳಿ ಅತ್ತೆಯನ್ನು ಕರೆದುಕೊಂಡು ಹೋದೆ.

"ಅಡುಗೆ ಮಾಡೋ ಕ್ರಮಕ್ಕೆ ಕಾಪಿರೈಟ್ ಇಲ್ಲಮ್ಮ, ಯಾರು ಬೇಕಾದ್ರೂ ಮಾಡಬಹುದು. ಬರೆದಿದ್ರೆ ಆ ಬರಹಕ್ಕೆ ಇರ್ತದೆ. ವಿಡಿಯೋ ತೆಗೆದೋರಿಗೆ ವಿಡಿಯೋ ಮೇಲೆ ಇರ್ತದೆ. ನೀವು ಬರೆದಿದ್ರಾ?"

"ಇಲ್ಲೆ. ಬಾಯಲ್ಲೇ ಹೇಳಿದ್ದು."

"ಹೆಸರು ಹಾಕ್ತೀನಿ ಅಂದಿದ್ದಕ್ಕೆ ಏನಾದ್ರೂ ಸಾಕ್ಷಿ?"

"ಊಟ ಹಾಕಿದ್ನಲಾ!"

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಬಸ್ಸಿನಲ್ಲಿ ಅತ್ತೆ ಹೇಳಿದ್ದು ಇಷ್ಟೇ: "ಎಲ್ಲರೂ ಮಾಡಲಿ, ಬ್ಯಾಡ ಅಂದವಳಲ್ಲ ಆನು. ಹೆಸರು ಒಂದು ಹಾಕಿದ್ರೆ ಸಾಕಾಗಿತ್ತು."

ನಾನು ಸುಮ್ಮನಿರಲಿಲ್ಲ. ಆ ವಿಡಿಯೋದ ಒಂದು ತುಣುಕನ್ನು ಅತ್ತೆಯ ಹೆಸರು, ಫೋಟೋ ಸಮೇತ ನಾನೇ ಯೂಟ್ಯೂಬಿಗೆ ಹಾಕಿದೆ. ಅತ್ತೆ ಅದನ್ನು ಹಾಲಿನವನಿಗೂ ಕರೆದು ತೋರಿಸಿದರು. ಮಾರನೆಯ ದಿನ ಅವಳಿಂದ ಕಾಪಿರೈಟ್ ದೂರು ಬಂದು ಅದು ಅಳಿಸಿಹೋಯಿತು. ಅವರ ಕೈ, ಅವರ ದನಿ, ಆದರೆ ವಿಡಿಯೋ ಅವಳದ್ದು.

"ಬಿಡು ಕೂಸೆ. ಇನ್ನು ಎನ್ನ ಹೆಸರು ಎಲ್ಲೂ ಹಾಕದು ಬ್ಯಾಡ" ಎಂದರು. ಮಡಕೆ ಅಟ್ಟ ಸೇರಿತು. ಕಲಿಯಲು ಬಂದವರಿಗೆ "ಮರ್ತೋತು" ಎನ್ನುತ್ತಿದ್ದರು.

ಅತ್ತೆ ತೀರಿಕೊಂಡು ವರ್ಷವಾಯಿತು. 'ನಮ್ಮಜ್ಜಿ' ಇನ್ನೂ ಓಡುತ್ತಿದೆ. ದನಿ ಕೇಳಬೇಕೆನಿಸಿದಾಗ ನಾನೂ ಅದನ್ನೇ ಹಾಕಿಕೊಂಡು ಅಳುತ್ತೇನೆ. ತೊಡದೇವು ಮಾಡಲು ನನಗೆ ಬರುತ್ತದೆ, ಕಾನೂನಿನ ಅಡ್ಡಿಯೂ ಇಲ್ಲ. ಮಾಡಿಲ್ಲ.

ಇದನ್ನು ಓದಿದವರು ಅತ್ತೆಯ ಹೆಸರೇ ಇಲ್ಲವಲ್ಲ ಎಂದು ಕೇಳಬಹುದು. ಬೇಡವೆಂದವರು ಅವರೇ.