ಕಾಯಕದ ಕೈ

ನಮ್ಮ ಮನೆತನದವರ ಅಂಗೈ ದಪ್ಪ. ಅಂಗಾಲೂ ಅಷ್ಟೇ. ಒಣಗಿದ ರೊಟ್ಟಿಯಂಥ ಹಳದಿ ಚರ್ಮ. ಹರಿಹರದ ನಮ್ಮ ಓಣಿಯಲ್ಲಿ ಇದಕ್ಕೆ ‘ಕಾಯಕದ ಕೈ’ ಎಂದೇ ಹೆಸರು. ಅಪ್ಪ ಜವಳಿ ಅಂಗಡಿಯ ಗಾದಿ ಬಿಟ್ಟು ಎದ್ದವರಲ್ಲ. ಸೀರೆಯ ಗಂಟನ್ನೂ ಕೆಲಸದವರೇ ಎತ್ತಿಕೊಡಬೇಕು. ಆದರೂ ಅವರ ಕೈ ನೋಡಿದವರೆಲ್ಲ “ಎಷ್ಟು ದುಡಿದ ಜೀವ!” ಎನ್ನುತ್ತಿದ್ದರು. ಅಪ್ಪ ಅಲ್ಲಗಳೆಯುತ್ತಿರಲಿಲ್ಲ.

ನನ್ನನ್ನು ನೋಡಲು ದಾವಣಗೆರೆಯಿಂದ ಗಂಡಿನ ಕಡೆಯವರು ಬಂದಾಗ ಸೋದರತ್ತೆ ನನ್ನ ಕೈ ಹಿಡಿದು ತೋರಿಸಿದಳು. “ನೋಡ್ರಿ, ಹಂಚಿನ ಮ್ಯಾಲಿನ ರೊಟ್ಟಿ ಬರಿಗೈಲೇ ತಿರುವ್ತಾಳೆ. ಕಾಯಕದ ಮನಿತನ ನಮ್ದು.” ಮದುವೆ ಕುದುರಿತು. ನಾನು ಎಷ್ಟು ದುಡಿಯುತ್ತೇನೆ ಎಂಬುದು ಗಂಡನ ಮನೆಯವರಿಗೆ ವಾರದಲ್ಲೇ ಗೊತ್ತಾಯಿತು.

ಅಜ್ಜ, ಆಮೇಲೆ ಅಪ್ಪ, ಇಬ್ಬರೂ ಗಂಟಲಲ್ಲಿ ಅನ್ನ ಇಳಿಯದೆ ಸೊರಗಿ ಹೋದರು. ಅಪ್ಪನಿಗೆ ಕೊನೆಗೆ ಗಂಜಿಯೂ ಇಳಿಯಲಿಲ್ಲ. ಮಿರ್ಚಿ ತಿಂದಿದ್ದಕ್ಕೆ, ಸುಡು ಸುಡು ಚಹಾ ಕುಡಿದಿದ್ದಕ್ಕೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ಕೈಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಬಂದದ್ದು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಚರ್ಮದ ಡಾಕ್ಟರಿಗೆ. ಒಡೆದ ಹಿಮ್ಮಡಿಗೆ ಮುಲಾಮು ಕೇಳಲು ಹೋಗಿದ್ದೆ. ಆಕೆ ಕಾಲು ಬಿಟ್ಟು ಕೈ ನೋಡಿದರು. “ನಿಮ್ಮನೇಲಿ ಯಾರಿಗಾದ್ರೂ ಅನ್ನನಾಳದ ಕ್ಯಾನ್ಸರ್ ಆಗಿತ್ತೇನ್ರಿ?”

ಈ ಚರ್ಮ ಬಲು ಅಪರೂಪ, ವಂಶದಲ್ಲಿ ಇಳಿದು ಬರುವಂಥದ್ದು, ಇದರ ಬೆನ್ನಿಗೆ ಆ ಕ್ಯಾನ್ಸರೂ ಬರಬಹುದು ಎಂದರು. ಈಗ ವರ್ಷಕ್ಕೊಮ್ಮೆ ನನ್ನ ಗಂಟಲಿಗೆ ಪೈಪು ಇಳಿಸಿ ನೋಡುತ್ತಾರೆ. ಸದ್ಯ ಏನೂ ಇಲ್ಲ. ನನ್ನದು ಹಾಳಾಗಲಿ, ಮಗಳಿಗೆ? ಎಂದು ಡಾಕ್ಟರನ್ನೇ ಕೇಳಿದೆ. “ಅಂಗೈ ನೋಡ್ತಾ ಇರ್ರಿ. ಕಾಲೇಜು ಸೇರೋ ಹೊತ್ತಿಗೂ ಮೆತ್ತಗೇ ಇದ್ರೆ ಚಿಂತಿ ಬಿಡ್ರಿ,” ಎಂದರು.

ಸೋದರತ್ತೆಗೂ ಹೇಳಿದೆ. “ದುಡಿಯೋ ಕೈಗೆ ರೋಗ ಅಂತೀಯೇನೇ?” ಎಂದು ಒಂದು ವಾರ ಮಾತು ಬಿಟ್ಟಳು.

ಜಡೆ ಹಾಕುವಾಗ, ರಸ್ತೆ ದಾಟಿಸುವಾಗ, ಮಗಳ ಅಂಗೈ ಒತ್ತಿ ಒತ್ತಿ ನೋಡುತ್ತಿದ್ದೆ. “ಭವಿಷ್ಯ ಹೆಂಗೈತೆ ಹೇಳವ್ವಾ,” ಎಂದು ಅವಳು ನಗುತ್ತಿದ್ದಳು.

ಈ ವರ್ಷ ಮಗಳು ಕಾಲೇಜು ಸೇರಿದಳು. ಮೊನ್ನೆ ಹರಿಹರದಲ್ಲಿ, ನನ್ನ ಸೋದರತ್ತೆಯಂತೆ ತಾನೂ ರೊಟ್ಟಿ ತಿರುವುತ್ತೇನೆಂದು ಹಂಚಿಗೆ ಬರಿಗೈ ಹಾಕಿ ಕಿರುಚಿಕೊಂಡಳು. ಅತ್ತೆ ಅವಳ ಅಂಗೈ ಬಿಡಿಸಿ ನೋಡಿ ಮುಖ ಸಿಂಡರಿಸಿದಳು. “ಇದು ನಮ್ಮನಿ ಕೈ ಅಲ್ಲ ಬಿಡು. ಹುಡುಗಿ ಸೋಮಾರಿ ಆಗ್ತಾಳೆ ನೋಡು.”

ಮಗಳ ಬೆರಳನ್ನು ತಣ್ಣೀರಲ್ಲಿ ಹಿಡಿದು ನಿಂತಿದ್ದ ನನಗೆ ಖುಷಿಗೆ ಅಳು ಬಂತು.

“ಆಗ್ಲಿ ಅತ್ತೆ,” ಎಂದೆ. “ನಿನ್ ಬಾಯಿಗೆ ಸಕ್ಕರೆ ಹಾಕ.”