ಹಬ್ಬದ ಮಾತ್ರೆ

"ಎಲ್‌ಎಂಪಿ ಯಾವತ್ತು ಮೇಡಂ?"

ರಾಜಾಜಿನಗರದ ಆ ಕ್ಲಿನಿಕ್ಕಿನ ಕೌಂಟರಿನಲ್ಲಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು. ಎಲ್‌ಎಂಪಿ ಅಂದರೆ ಕೊನೆಯ ಮುಟ್ಟಿನ ಮೊದಲ ದಿನವಂತೆ. ನನಗೆ ಗೊತ್ತಾಗಲಿಲ್ಲವೆಂದು ಅವಳೇ ಬಿಡಿಸಿ ಹೇಳಿದಳು, ಹಿಂದೆ ಕೂತವರಿಗೆಲ್ಲ ಕೇಳುವ ಹಾಗೆ. ನಾನು ಪಟ್ಟನೆ ತಾರೀಖು ಹೇಳಿದೆ. ಮಲ್ಲತ್ತಹಳ್ಳಿಯ ಒಂದು ಶಾಲೆಯ ಆಫೀಸಿನಲ್ಲಿ ಕ್ಲಾರ್ಕ್ ನಾನು. ಟಿಸಿಯಲ್ಲಿ ಮಕ್ಕಳ ಹುಟ್ಟಿದ ತಾರೀಖು ಒಂದು ದಿನ ಆಚೀಚೆ ಆದರೂ ಹಿಡಿಯುವವಳು. ನನ್ನದೇ ತಾರೀಖು ನನಗೆ ಗೊತ್ತಿರುವುದಿಲ್ಲವೇ?

"ರೆಗ್ಯುಲರಾ?"

"ಹೂಂ, ತಿಂಗಳಿಗೆ ಸರಿಯಾಗಿ ಬರುತ್ತೆ," ಅಂದೆ. ಸ್ವಲ್ಪ ಜಂಬದಿಂದಲೇ ಅಂದೆ.

ಅದು ಸುಳ್ಳು. ಸುಳ್ಳು ಅಂತ ಆಗ ನನಗೇ ಗೊತ್ತಿರಲಿಲ್ಲ.

ಮದುವೆಯಾಗಿ ಆರು ವರ್ಷ. ವಯಸ್ಸು ಮೂವತ್ತಮೂರು. ಬ್ಯಾಡರಹಳ್ಳಿಯಲ್ಲಿ ಮನೆ. ನಾನು, ನನ್ನ ಗಂಡ ಲೋಕೇಶ, ನಮ್ಮತ್ತೆ, ಮೂರೇ ಜನ. ನಾಲ್ಕನೆಯದೊಂದು ಬೇಕಿತ್ತು. ನನಗೆ ಬೇಕಿತ್ತು, ಇನ್ನೊಬ್ಬರ ಬಾಯಿ ಮುಚ್ಚಿಸುವುದಕ್ಕಲ್ಲ, ನನಗೇ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಮಗು ಬೇಕೆಂದು ಅತ್ತೆ ಬಾಯಿ ಬಿಟ್ಟು ಹೇಳಬಹುದು, ಗಂಡ ಗೊಣಗಬಹುದು, ಹಡೆಯಬೇಕಾದವಳು ಮಾತ್ರ ಸುಮ್ಮನೆ ಪ್ರದಕ್ಷಿಣೆ ಹಾಕುತ್ತಿರಬೇಕು. ಆರು ವರ್ಷ ಹಾಕಿದ ಮೇಲೆ ನಾನೇ ಹಟ ಹಿಡಿದು ಕ್ಲಿನಿಕ್ಕಿಗೆ ಹೊರಟೆ. ಲೋಕೇಶ ಅಲ್ಲೇ ಹತ್ತಿರದ ಇಂಡಸ್ಟ್ರಿಯಲ್ ಎಸ್ಟೇಟಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ನನ್ನನ್ನು ಬಾಗಿಲ ತನಕ ಬಿಟ್ಟು ಸ್ಕೂಟರ್ ಮೇಲೆಯೇ ಕೂತರು.

"ಇಲ್ಲಿ ಪಾರ್ಕಿಂಗ್ ಇಲ್ಲ ಕಣೇ, ಎತ್ಕೊಂಡು ಹೋಗ್ತಾರೆ. ನೀನು ಹೋಗ್ ಬಾ."

ಫಾರಂನಲ್ಲಿ ಎರಡು ಕಾಲಂ ಇತ್ತು. ಹೆಂಡತಿಯದು ತುಂಬಿದೆ. ಗಂಡನದು ಖಾಲಿ ಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಫಾರಂ ಕಡೆ ಕಣ್ಣು ಹಾಯಿತು, ಅವಳೂ ಖಾಲಿ ಬಿಟ್ಟಿದ್ದಳು.

ಮೊದಲ ಸಲ ಹೋಗುವವರಿಗೆ ಒಳಗೆ ಏನೇನು ನಡೆಯುತ್ತದೆಂದು ಯಾರೂ ಹೇಳಿರುವುದಿಲ್ಲ. ನನಗಂತೂ ಹೇಳಿರಲಿಲ್ಲ. ತೂಕ, ಎತ್ತರ, ಬಿಪಿ. ಆಮೇಲೆ ಡಾಕ್ಟರ ಪ್ರಶ್ನೆಗಳು. ಸಂಬಂಧದಲ್ಲಿ ಮದುವೆಯಾ? ಅಬಾರ್ಷನ್ ಆಗಿದೆಯಾ? ವಾರಕ್ಕೆ ಎಷ್ಟು ಸಲ ಸೇರ್ತೀರಾ? ಅದನ್ನು ಕೇಳುವಾಗ ಪಕ್ಕದಲ್ಲಿ ನರ್ಸ್ ನಿಂತು ಗ್ಲೌಸ್ ಡಬ್ಬ ತೆರೆಯುತ್ತಿದ್ದಳು. ನಾನು ಗೋಡೆಗೆ ಉತ್ತರ ಹೇಳಿದೆ. ಡಾಕ್ಟರು ಒಳ್ಳೆಯವರು, ನಡುವಯಸ್ಸಿನ ಹೆಂಗಸು, ಮಾತಿನಲ್ಲಿ ಗಡಸಿರಲಿಲ್ಲ. ಆದರೂ ಆರು ವರ್ಷ ಮುಚ್ಚಿಟ್ಟಿದ್ದನ್ನೆಲ್ಲ ಹತ್ತು ನಿಮಿಷದಲ್ಲಿ ತೆಗೆದು ಮೇಜಿನ ಮೇಲಿಡು ಅಂದರೆ ಹೇಗೆ?

"ಯಾವುದಾದ್ರೂ ಮಾತ್ರೆ ತಗೋತಾ ಇದೀರಾ?"

"ಇಲ್ಲ ಮೇಡಂ."

ಆಮೇಲೆ ಸ್ಕ್ಯಾನು. ನಾನು ಹೊಟ್ಟೆಯ ಮೇಲೆ ಮಾಡುತ್ತಾರೆಂದು ಎರಡು ಬಾಟಲಿ ನೀರು ಕುಡಿದು ಹೋಗಿದ್ದೆ. "ಮೊದ್ಲು ಯೂರಿನ್‌ಗೆ ಹೋಗ್ಬನ್ನಿ, ಇದು ಒಳಗಿಂದ ಮಾಡೋದು," ಅಂದಳು ನರ್ಸ್. ಒಳಗಿಂದ ಅಂದರೆ ಏನೆಂದು ಮಲಗಿದ ಮೇಲೆ ಗೊತ್ತಾಯಿತು. ನೋವು ಅಂಥದ್ದೇನಿಲ್ಲ, ಸುಳ್ಳು ಯಾಕೆ ಹೇಳಲಿ. ಅವಮಾನವೇ ಹೆಚ್ಚು. ಚಾವಣಿಯಲ್ಲಿ ಒಂದು ಟ್ಯೂಬ್‌ಲೈಟ್ ಮಿಣುಕುತ್ತಿತ್ತು, ಅದನ್ನೇ ನೋಡುತ್ತಾ ಮಲಗಿದ್ದೆ.

"ಪಿಸಿಓ ಥರ ಕಾಣ್ತಿದೆ," ಅಂದರು ಡಾಕ್ಟರು. "ಓವರೀಲಿ ಸಣ್ಣ ಸಣ್ಣ ಫಾಲಿಕಲ್ಸ್, ಅಂದ್ರೆ ಎಗ್ ಇರೋ ಚೀಲಗಳು, ಬೆಳೀದೆ ತುಂಬಾ ಇವೆ. ಹೀಗಿದ್ರೆ ಪಿರಿಯಡ್ಸ್ ತಪ್ಪುತ್ತೆ. ಆದ್ರೆ ನೀವು ಸರಿಯಾಗಿ ಬರುತ್ತೆ ಅಂತೀರಲ್ಲ." ಅವರಿಗೆ ಲೆಕ್ಕ ಕೂಡಿಬರಲಿಲ್ಲ. ಮುಂದಿನ ಮುಟ್ಟಿನ ಎರಡನೇ ದಿನ ಬಂದು ರಕ್ತ ಕೊಡಲು ಹೇಳಿದರು, ಸ್ಕ್ಯಾನೂ ಆಗ ಇನ್ನೊಮ್ಮೆ. "ಯಜಮಾನ್ರನ್ನ ಕರ್ಕೊಂಡ್ ಬನ್ನಿ. ಸೀಮೆನ್ ಟೆಸ್ಟ್ ಆಗ್ಬೇಕು. ಎರಡೂ ನೋಡ್ದೆ ನಾನು ಟ್ರೀಟ್‌ಮೆಂಟ್ ಶುರು ಮಾಡಲ್ಲ."

ಹೊರಗೆ ಬಂದು ಹೇಳಿದೆ. ಲೋಕೇಶ ಹೆಲ್ಮೆಟ್ ಹಾಕಿಕೊಂಡರು. "ಮೊದ್ಲು ನಿಂದು ಮುಗೀಲಿ," ಅಂದರು.

ಆಷಾಢ ಬಂತು. ಮುಟ್ಟು ಬರಲಿಲ್ಲ.

ಮೂವತ್ತೈದು ದಿನ. ನಲವತ್ತು. ಅಯ್ಯೋ, ನನ್ನ ಹೊಟ್ಟೆಯೊಳಗೆ ಏನೇನು ಆಸೆ ಕುಣಿಯಿತೆಂದು ಹೇಗೆ ಹೇಳಲಿ! ಬಾತ್‌ರೂಮಿಗೆ ಹೋಗುವುದಕ್ಕೂ ಹೆದರಿಕೆ, ಎಲ್ಲಿ ಕೆಂಪು ಕಂಡುಬಿಡುತ್ತದೋ ಎಂದು. ಅತ್ತೆಗೆ ಹೇಳಿರಲಿಲ್ಲ. ಆದರೆ ಒಂದೇ ಸೂರಿನಡಿ ಇರುವ ಹೆಂಗಸಿಗೆ ಹೇಳಬೇಕೇ? ಒಂದು ದಿನ ಅವರು ನನ್ನ ಕೈಯಿಂದ ನೀರಿನ ಬಿಂದಿಗೆ ಇಸಿದುಕೊಂಡು, "ಭಾರ ಎತ್ಬೇಡ ಕಣೇ," ಅಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಮನೆಯಲ್ಲೇ ಎರಡು ಸಲ ಟೆಸ್ಟ್ ಮಾಡಿದೆ. ಎರಡು ಸಲವೂ ಒಂದೇ ಗೆರೆ. ನಲವತ್ತೆಂಟನೇ ದಿನ, ಆಗಲೇ ಶ್ರಾವಣ ಹುಟ್ಟಿತ್ತು, ಕ್ಲಿನಿಕ್ಕಿಗೆ ಹೋದೆ. ರಕ್ತ ತೆಗೆದು ನೋಡಿದರು.

ನೆಗೆಟಿವ್.

"ಎಲ್ಲೋ ವರ್ಷಕ್ಕೊಂದು ಸಲ ಬಿಟ್ರೆ ಹೀಗೆ ತಪ್ಪಿಲ್ಲ ಮೇಡಂ, ಬೇಕಿದ್ರೆ ನೋಡಿ," ಅಂದು ನಾನು ಬ್ಯಾಗಿನಿಂದ ಕ್ಯಾಲೆಂಡರುಗಳನ್ನು ತೆಗೆದೆ. ಅಡುಗೆಮನೆ ಬಾಗಿಲಿಗೆ ತೂಗುಹಾಕುವ ಪಂಚಾಂಗದ ಕ್ಯಾಲೆಂಡರು. ಮುಟ್ಟಾದ ದಿನಕ್ಕೆ ಕೆಂಪು ಪೆನ್ನಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದೆ. ಕ್ಲಾರ್ಕ್ ಬುದ್ಧಿ, ಹಳೆಯವನ್ನೂ ಸುರುಳಿ ಸುತ್ತಿ ಬೀರುವಿನ ಮೇಲಿಟ್ಟಿದ್ದೆ. ಡಾಕ್ಟರು ಒಂದೊಂದೇ ಹಾಳೆ ತಿರುಗಿಸಿದರು. ಆಮೇಲೆ ನಿಧಾನವಾಗಿ, ಮತ್ತೆ ಮೊದಲಿಂದ ತಿರುಗಿಸಿದರು.

"ಸವಿತಾ, ಇಲ್ನೋಡಿ. ಹುಣ್ಣಿಮೆ, ಮೂರು ದಿನ ಬಿಟ್ಟು ಚುಕ್ಕೆ. ಮುಂದಿನ ಹುಣ್ಣಿಮೆ, ಮೂರು ದಿನ ಬಿಟ್ಟು ಚುಕ್ಕೆ. ಚಂದ್ರನ್ನ ನೋಡ್ಕೊಂಡು ಬರುತ್ತಾ ನಿಮಗೆ?"

"ಹುಣ್ಣಿಮೆಗೆ ಮನೇಲಿ ಸತ್ಯನಾರಾಯಣ ಪೂಜೆ ಇರುತ್ತೆ ಮೇಡಂ. ಮಗು ಆಗ್ಲಿ ಅಂತ ನಮ್ಮತ್ತೆ ಹರಕೆ. ಗಂಡ ಹೆಂಡ್ತಿ ಕೂತು ಮಾಡ್ಬೇಕಲ್ಲ, ಅದಕ್ಕೆ ಮುಟ್ಟು ಮುಂದಕ್ಕೆ ಹಾಕೋ ಮಾತ್ರೆ ತಗೋತೀನಿ. ಪೂಜೆ ಮುಗಿದ್ ದಿನ ಬಿಡ್ತೀನಿ."

"ಪ್ರತಿ ತಿಂಗಳೂನಾ?"

"ಆಷಾಢದಲ್ಲಿ ಪೂಜೆ ಇಡಲ್ಲ."

"ಎಷ್ಟು ವರ್ಷದಿಂದ?"

"ನಾಲ್ಕು."

"ಯಾವ ಮಾತ್ರೇನೂ ಇಲ್ಲ ಅಂದ್ರಲ್ಲ ಅವತ್ತು?"

"ಅದು ಔಷಧಿ ಅಲ್ವಲ್ಲ ಮೇಡಂ. ಹಬ್ಬದ ಮಾತ್ರೆ."

ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು. ಎಲೆ, ಅಡಿಕೆ, ಕರ್ಪೂರ, ಬಾಳೆಹಣ್ಣು ತರುವ ದಿನ ಮೂಲೆಯ ಮೆಡಿಕಲ್ ಸ್ಟೋರಿನಲ್ಲಿ ಅದೂ ಒಂದು ಸ್ಟ್ರಿಪ್ ತರುವುದು. ಚೀಟಿ ಯಾರೂ ಕೇಳುವುದಿಲ್ಲ. ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ತರುತ್ತಾರೆ.

ಡಾಕ್ಟರು ಪೆನ್ನು ಕೆಳಗಿಟ್ಟರು.

"ಇದು ನಿಮ್ಮ ಪಿರಿಯಡ್ಸೇ ಅಲ್ಲಮ್ಮ. ಮಾತ್ರೆ ಬಿಟ್ಟಿದ್ದಕ್ಕೆ ಆದ ಬ್ಲೀಡಿಂಗ್."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾತ್ರೆಯಿಂದ ಹೀಗಾಯಿತು ಅಂತಲ್ಲ, ನನಗೆ ಎಗ್ ಸರಿಯಾಗಿ ಬಿಡುಗಡೆ ಆಗುತ್ತಿರಲಿಲ್ಲ, ಅದಕ್ಕೆ ಮುಟ್ಟು ತಡವಾಗಿ, ತಪ್ಪಿ ತಪ್ಪಿ ಬರಬೇಕಿತ್ತು ಅಂದರು. "ಹಾಗೆ ಬಂದಿದ್ರೆ ನಾಲ್ಕು ವರ್ಷದ ಹಿಂದೇನೇ ನೀವು ಇಲ್ಲಿಗೆ ಬಂದಿರ್ತಿದ್ರಿ. ಮಾತ್ರೆ ಅದನ್ನ ಮುಚ್ಚಿಬಿಡ್ತು, ಅಷ್ಟೆ."

ಅಷ್ಟೆ! ಆಗ ಹೊಳೆಯಿತು. ಹಿಂದಿನ ಆಷಾಢದಲ್ಲೂ ತಡವಾಗಿತ್ತು. ಅದರ ಹಿಂದಿನದರಲ್ಲೂ. ಆ ತಿಂಗಳು ಪೂಜೆಯಿಲ್ಲ, ಮಾತ್ರೆಯಿಲ್ಲ, ಹಾಗಾಗಿ ಮುಟ್ಟೂ ಇಲ್ಲ. ವರ್ಷಕ್ಕೊಂದು ಸಲ ನಾನು ಬಸುರಿ ಎಂದುಕೊಳ್ಳುತ್ತಿದ್ದೆ. ಶ್ರಾವಣದಲ್ಲಿ ಪೂಜೆ ಮಾಡಿ, ಮೂರನೇ ದಿನ ಅಳುತ್ತಿದ್ದೆ. "ಹವಾ ಬದಲಾದ್ರೆ ಹಾಗೆಲ್ಲ ಆಗುತ್ತೆ," ಎಂದು ಅತ್ತೆ ಮೆಂತ್ಯದ ನೀರು ಕೊಡುತ್ತಿದ್ದರು. ಮಗುವಾಗಲಿ ಎಂದು ಮಾಡಿದ ಪೂಜೆಯೇ ಮಗು ಯಾಕಾಗುತ್ತಿಲ್ಲವೆಂಬುದನ್ನು ನಾಲ್ಕು ವರ್ಷ ಮುಚ್ಚಿಟ್ಟಿತ್ತು. ಇದನ್ನು ಯಾರ ಮುಂದೆ ಹೇಳಿ ಅಳಲಿ? ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ.

ಮುಟ್ಟು ಬರಿಸಲು ಡಾಕ್ಟರು ಐದು ದಿನಕ್ಕೆ ಮಾತ್ರೆ ಬರೆದರು. ಅದೇ ಜಾತಿಯ ಮಾತ್ರೆ. ಬಿಟ್ಟ ಮೇಲೆ ಬರುವ ಮುಟ್ಟಿನ ಎರಡನೇ ದಿನ ಬನ್ನಿ, ಒಂದು ದಿನವೂ ಮುಂದೂಡಬೇಡಿ ಅಂದರು.

ಲೋಕೇಶ ಎಲ್ಲ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟರು. ಅದರಲ್ಲಿ ಸಮಾಧಾನವಿತ್ತು, ನನಗೆ ಗೊತ್ತಾಯಿತು. "ಪ್ರಾಬ್ಲಂ ಸಿಕ್ತಲ್ಲ ಬಿಡು. ಇನ್ನು ನಂದ್ಯಾಕೆ ಟೆಸ್ಟು?"

"ನನ್ನ ಒಳಗೆಲ್ಲ ನೋಡಿದ್ದಾಯ್ತು ರೀ. ನಿಮಗೆ ಒಂದು ಡಬ್ಬಿ ಕೊಡ್ತಾರೆ, ಅಷ್ಟೆ. ಬರದಿದ್ರೆ ನಾನೂ ಇನ್ನು ಹೋಗಲ್ಲ. ಅಮ್ಮಂಗೆ ಯಾಕೆ ಅಂತ ನೀವೇ ಹೇಳ್ಕೊಳಿ."

ಅವರು ಎದ್ದು ಹೋಗಿ ಸ್ಕೂಟರ್ ಒರೆಸತೊಡಗಿದರು.

ಐದು ದಿನದ ಮಾತ್ರೆ ಮುಗಿದದ್ದು ವರಮಹಾಲಕ್ಷ್ಮಿ ಹಬ್ಬದ ವಾರ. ಮಾವ ತೀರಿಕೊಂಡ ಮೇಲೆ ಅತ್ತೆ ಕಳಶದ ಮುಂದೆ ಕೂರುವುದಿಲ್ಲ, ಕೂರಬೇಕಾದವಳು ನಾನು. ಗುರುವಾರ ಬೆಳಿಗ್ಗೆ ಅವರು ಹೂವಿನ ಬುಟ್ಟಿಯ ಜೊತೆ ಒಂದು ಸ್ಟ್ರಿಪ್ ತಂದು ಕಟ್ಟೆಯ ಮೇಲಿಟ್ಟರು.

"ಇನ್ನೆರಡು ದಿನ ತಗೊಂಡ್ಬಿಡೇ. ಹಬ್ಬ ಕಳೀಲಿ. ಏನಾಗುತ್ತೆ?"

"ಇಲ್ಲ ಅತ್ತೆ."

"ನಾನೂ ತಗೋತಿರ್ಲಿಲ್ವಾ? ನಂಗೆ ಲೋಕೇಶ ಹುಟ್ಲಿಲ್ವಾ?"

"ನಿಮಗೆ ಹುಟ್ಟಿದ್ರು. ನಂಗೆ ಹುಟ್ಟಿಲ್ಲ." ನನ್ನ ದನಿ ಏರಿತ್ತು. ಅತ್ತೆಯ ಮುಂದೆ ಹಾಗೆ ಮಾತಾಡಿದ್ದು ಅದೇ ಮೊದಲು. ಸ್ಟ್ರಿಪ್ಪನ್ನು ಹೂವಿನ ಬುಟ್ಟಿಗೇ ವಾಪಸು ಹಾಕಿದೆ.

ಶುಕ್ರವಾರ ಬೆಳಿಗ್ಗೆ ಮುಟ್ಟಾದೆ. ಬಾಗಿಲಿಗೆ ತೋರಣ ಕಟ್ಟಿತ್ತು, ಒಲೆಯ ಮೇಲೆ ಒಬ್ಬಟ್ಟಿಗೆ ಬೇಳೆ ಬೇಯುತ್ತಿತ್ತು. ನಾನು ಹೋಗಿ ಹಿಂದಿನ ರೂಮಿನಲ್ಲಿ ಕೂತೆ. ಅತ್ತೆ ಒಲೆ ಆರಿಸಿದ ಸದ್ದು ಕೇಳಿತು. ಆಮೇಲೆ ಅರಿಶಿನ ಕುಂಕುಮಕ್ಕೆ ಕರೆದಿದ್ದ ಎದುರುಮನೆ ಆಂಟಿಗೆ ಫೋನು ಮಾಡಿದರು.

"ಇವತ್ತು ಇಲ್ಲ ಕಣ್ರೀ. ನಮ್ಮ ಸೊಸೆಗೆ ಆಗಲ್ಲ. ಮುಂದಿನ ಶುಕ್ರವಾರ ಇಡ್ತೀವಿ. ಹೂಂ ಹೂಂ, ಶಾಸ್ತ್ರದಲ್ಲೇ ಇದ್ಯಲ್ಲ, ಇವತ್ತು ಆಗ್ದಿದ್ರೆ ಮುಂದಿನ ವಾರ ಮಾಡ್ಬೋದು."

ನಾನು ಎದ್ದು ಬಾಗಿಲಿಗೆ ಬಂದೆ.

"ಮುಂದಿನ ವಾರ ಮಾಡ್ಬೋದಾ ಅತ್ತೆ?"

"ಮಾಡ್ಬೋದು."

"ಹುಣ್ಣಿಮೆ ಪೂಜೇನೂ?"

"ಅದನ್ನ ಯಾವತ್ತಾದ್ರೂ ಮಾಡ್ಬೋದು."

"ಇದು ನಿಮಗೆ ಮೊದ್ಲೇ ಗೊತ್ತಿತ್ತಾ?"

ಅತ್ತೆ ಫೋನನ್ನು ಸೆರಗಿನಲ್ಲಿ ಒರೆಸುತ್ತಾ ನಿಂತರು. "ಗೊತ್ತಿತ್ತು. ಎಲ್ಲಾರ ಮನೇಲೂ ಅವತ್ತೇ ಮಾಡ್ತಾರಲ್ಲ. ನಮ್ಮನೇದೊಂದು ಮುಂದಕ್ಕೆ ಹೋದ್ರೆ ಜನ ಕೇಳ್ತಾರೆ ಅಂತ."

ಪೂಜೆಯನ್ನು ಮುಂದೂಡಬಹುದಿತ್ತು.

ನಾನು ವಾಪಸು ಹೋಗಿ ಕೂತೆ. ಅಳು ಬರಲಿಲ್ಲ. ಅವರ ಮೇಲೆ ಕೂಗಾಡುವಷ್ಟು ಕೋಪವಿತ್ತು, ಆದರೆ ಇನ್ನೂ ಫೋನು ಒರೆಸುತ್ತಲೇ ಇದ್ದ ಆ ಮುದುಕಿಯ ಮುಖ ನೋಡಿ ಬಾಗಿಲು ಮುಂದಕ್ಕೆ ಹಾಕಿಕೊಂಡೆ. ಮಧ್ಯಾಹ್ನ ಅವರೇ ತಟ್ಟೆಯಲ್ಲಿ ಅನ್ನ ಸಾರು ತಂದರು. "ನಾಳೆ ಎಷ್ಟು ಹೊತ್ತಿಗೆ ಹೋಗ್ಬೇಕು?" ಎಂದು ಕೇಳಿದರು.

ಶನಿವಾರ ಲೋಕೇಶ ಸ್ಕೂಟರನ್ನು ದೂರದಲ್ಲೆಲ್ಲೋ ನಿಲ್ಲಿಸಿ ನನ್ನ ಜೊತೆ ಒಳಗೆ ಬಂದರು. ಖಾಲಿ ಬಿಟ್ಟಿದ್ದ ಕಾಲಂ ಅವರ ಕೈಯಿಂದಲೇ ತುಂಬಿಸಿದೆ. ಡಬ್ಬಿ ಹಿಡಿದು ಹೋದವರು ಮುಕ್ಕಾಲು ಗಂಟೆಯ ಮೇಲೆ ಬೆವೆತು ಬಂದರು.

"ಆ ರೂಮಲ್ಲಿ ಹೊರಗಡೆ ಮಾತಾಡೋದೆಲ್ಲ ಕೇಳುತ್ತೆ ಕಣೇ. ಥೂ, ಮಾನ ಹೋಯ್ತು."

ಪಾಪ! ಮಾತು ಕೇಳಿಸಿತಂತೆ. ನನಗೆ ನಗು ಬಂತು, ಕಹಿ ನಗು.

ಅವರ ರಿಪೋರ್ಟೂ ಬಂತು. ಕೌಂಟ್ ಪರವಾಗಿಲ್ಲ, ವೀರ್ಯಾಣುಗಳ ಚಲನೆ ಕಡಿಮೆ. ಸಿಗರೇಟು ಬಿಡಿ, ಮೂರು ತಿಂಗಳ ಮೇಲೆ ಮತ್ತೆ ನೋಡೋಣ ಅಂದರು ಡಾಕ್ಟರು. ಮನೆಯಲ್ಲಿ ಅತ್ತೆ, "ಫ್ಯಾಕ್ಟರಿ ಕೆಲ್ಸ, ಉಷ್ಣ," ಅಂದು ಮಾತು ಮುಗಿಸಿದರು. ಮಗನಿಗೆ ಯಾರೂ ವ್ರತ ಹೇಳಲಿಲ್ಲ, ಹರಕೆ ಹೊರಲಿಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟರು.

ನನಗೆ ಎಗ್ ಬೆಳೆಯುವುದಕ್ಕೆ ಐದು ದಿನದ ಮಾತ್ರೆ ಶುರುವಾಯಿತು. ದಿನ ಬಿಟ್ಟು ದಿನ ಸ್ಕ್ಯಾನು. ಆ ಟ್ಯೂಬ್‌ಲೈಟನ್ನು ಇನ್ನೂ ಬದಲಾಯಿಸಿಲ್ಲ. ಒಂದು ಎಗ್ ಬೆಳೆದು ಬಿಡುಗಡೆಯಾಗಿದೆ ಎಂದು ತೆರೆಯ ಮೇಲೆ ತೋರಿಸಿದರು. ಕಾದೆವು. ಮಗು ನಿಲ್ಲಲಿಲ್ಲ. ಎರಡು ವಾರಕ್ಕೆ ಮುಟ್ಟು ಬಂತು, ಅಷ್ಟಮಿಯೋ ನವಮಿಯೋ ಒಂದು ಮಂಗಳವಾರ, ಶಾಲೆಯಲ್ಲಿ ಟಿಸಿ ಬರೆಯುತ್ತಿದ್ದಾಗ. ಬಾತ್‌ರೂಮಿನಲ್ಲಿ ಕೂತು ಚೆನ್ನಾಗಿ ಅತ್ತೆ.

ಫೋನಿನಲ್ಲಿ ಡಾಕ್ಟರು ಮಾತ್ರ, "ಗುಡ್. ಮುಟ್ಟು ಬರಿಸೋ ಮಾತ್ರೆ ಇಲ್ದೆ ತಾನಾಗೇ ಬಂತಲ್ಲ," ಅಂದರು. ಅದರಲ್ಲಿ ಗುಡ್ ಏನಿದೆಯೋ ಎಂದು ಸಿಟ್ಟು ಬಂತು. ಸಂಜೆ ಮನೆಗೆ ಬಂದು ಕ್ಯಾಲೆಂಡರಿನ ಮುಂದೆ ಕೆಂಪು ಪೆನ್ನು ಹಿಡಿದು ನಿಂತೆ. ಯಾರೂ ತಡೆಯದೆ, ಯಾರೂ ಕರೆಯದೆ ಬಂದಿತ್ತು ಅದು. ಚುಕ್ಕೆ ಇಟ್ಟೆ.

ಈ ನಾಲ್ಕು ವರ್ಷದ ಕ್ಯಾಲೆಂಡರುಗಳಲ್ಲಿ ನನ್ನದು ಅಂತ ಇರುವ ತಾರೀಖು ಅದೊಂದೇ.